ಬಾಯಿ ಬಿಟ್ಟರೆ ತಾಗದ ಮದ್ದು

ನಮ್ಮ ಕಡೆ ಒಂದು ಕಟ್ಟಳೆ ಇದೆ. ನಾಟಿ ಮದ್ದು ತಿನ್ನುತ್ತಿದ್ದರೆ ಆ ವಿಷಯವನ್ನು ಬಾಯಿ ಬಿಟ್ಟು ಯಾರಿಗೂ ಹೇಳಬಾರದು. ಕೊಟ್ಟವರ ಹೆಸರಂತೂ ಎತ್ತಲೇಬಾರದು. ಹೇಳಿದರೆ ಮದ್ದು ತಾಗುವುದಿಲ್ಲ. ಯಾರ ಮನೆಯ ಮಗಳು ಯಾರ ಜೊತೆ ಕುಮಟಾದಲ್ಲಿ ಐಸ್‌ಕ್ರೀಮ್ ತಿಂದಳು ಎಂಬುದು ಸಂಜೆಯೊಳಗೆ ಭಟ್ಕಳದವರೆಗೆ ಮುಟ್ಟುವ ಊರು ನಮ್ಮದು. ಮದ್ದಿನ ಮಾತು ಬಂತೋ, ಎಲ್ಲರ ಬಾಯಿಗೂ ಬೀಗ. ಈ ಕಟ್ಟಳೆ ಮಾಡಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಕೈಗೆ ಸಿಕ್ಕಿದ್ದರೆ ಅವನ ಗ್ರಹಚಾರ ಬಿಡಿಸುತ್ತಿದ್ದೆ.

ಆಗ ನಾನು ಹೊನ್ನಾವರದ ಬಸ್‌ಸ್ಟ್ಯಾಂಡ್ ಹತ್ತಿರ ಎಸ್‌ಟಿಡಿ ಬೂತ್ ನಡೆಸುತ್ತಿದ್ದೆ. ಮೊಬೈಲು ಇನ್ನೂ ದೊಡ್ಡವರ ಜೇಬಿನಲ್ಲಿ ಮಾತ್ರ ಇದ್ದ ಕಾಲ. ಗಾಜಿನ ಬಾಗಿಲು ಹಾಕಿಕೊಂಡು ದುಬೈಗೆ, ಮುಂಬಯಿಗೆ ಕಿರುಚುವವರ ಸಂಸಾರವೆಲ್ಲ ಹೊರಗೆ ಕೂತ ನನಗೆ ಕೇಳುತ್ತಿತ್ತು. ನನ್ನದೂ ಸಣ್ಣ ಬಾಯಿಯಲ್ಲ. ಮಾತು ಮುಗಿಸದೆ ಅಳುತ್ತ ನಿಂತವರಿಗೆ, "ಅಳೂದಾದ್ರೆ ಹೊರಗೆ ಬಂದು ಅಳಿ, ಮೀಟರ್ ಓಡ್ತಾ ಇದ್ದು," ಎಂದು ಬೈದವಳು ನಾನು. ಮಂಕಿ ಊರಿನ ಮನೆಯಲ್ಲಿ ನಾವು ಮೂವರು: ಆಯಿ, ಅಣ್ಣ, ನಾನು. ಅಪ್ಪ ನಾವು ಶಾಲೆಗೆ ಹೋಗುವಾಗಲೇ ತೀರಿಕೊಂಡಿದ್ದ. ಅಣ್ಣ ಭಟ್ಕಳ, ಹೊನ್ನಾವರ, ಕುಮಟಾ ಎಂದು ಬೆಳಗಿನಿಂದ ಸಂಜೆಯವರೆಗೆ ಟೆಂಪೋ ಓಡಿಸುತ್ತಿದ್ದ. ತಂಗಿಯ ಮದುವೆಯಾಗದೆ ತಾನು ಆಗುವುದಿಲ್ಲ ಎಂದು ಅವನ ಹಟ. ಮದುವೆಯೇ ಬೇಡ ಎಂದು ನನ್ನ ಹಟ. ಇಬ್ಬರ ಮಧ್ಯೆ ಆಯಿಗೆ ದಿನವೂ ತಲೆಬಿಸಿ.

ಒಂದು ಮಧ್ಯಾಹ್ನ ಅಣ್ಣ ಬೂತಿಗೆ ನೀರು ಕುಡಿಯಲು ಬಂದ. ಬಲಗಣ್ಣಿನ ರೆಪ್ಪೆ ಅರ್ಧ ಇಳಿದಿತ್ತು. ನಿದ್ದೆಗೆಟ್ಟಿದ್ದಾನೆ ಎಂದುಕೊಂಡು ಬೈದೆ. ನಾಲ್ಕು ದಿನದಲ್ಲಿ ರೆಪ್ಪೆ ಪೂರ್ತಿ ಮುಚ್ಚಿತು. ಬೆರಳಿನಿಂದ ಎತ್ತಿ ಹಿಡಿದರೆ ಒಳಗೆ ಕಣ್ಣುಗುಡ್ಡೆ ಹೊರಗಿನ ಮೂಲೆಗೆ ಸರಿದು ಕೂತಿತ್ತು.

"ಎತ್ತಿ ಹಿಡಿದ್ರೆ ನೀ ಇಬ್ರು ಕಾಣ್ತೆ ತಂಗಿ," ಎಂದ. "ಒಬ್ಬಳನ್ನೇ ಸುಧಾರಿಸೂಕೆ ಆಗೂದಿಲ್ಲ ಮಾರಾಯ್ತಿ."

ಅವನಿಗೆ ಯಾವಾಗಲೂ ತಮಾಷೆಯೇ. ಆದರೆ ಮಾರನೇ ದಿನ ಒಂದು ಕೈಯಲ್ಲಿ ರೆಪ್ಪೆ ಎತ್ತಿ ಹಿಡಿದೇ ಟೆಂಪೋ ಓಡಿಸುವಾಗ ಶರಾವತಿ ಸೇತುವೆಯ ಮೇಲೆ ಎದುರಿಗೆ ಬಂದ ಒಂದು ಲಾರಿ ಅವನಿಗೆ ಎರಡಾಗಿ ಕಂಡಿತಂತೆ. ಸೇತುವೆ ದಾಟಿದ್ದೇ ಟೆಂಪೋವನ್ನು ಬದಿಗೆ ನಿಲ್ಲಿಸಿ, ಜನರನ್ನು ಇಳಿಸಿ, ಚಾವಿಯನ್ನು ಧಣಿಗೆ ಕೊಟ್ಟು ನಡೆದುಕೊಂಡೇ ಬೂತಿಗೆ ಬಂದ. ಬೆಂಚಿನ ಮೇಲೆ ಕೂತು ಎರಡೂ ಕಣ್ಣು ಮುಚ್ಚಿಕೊಂಡ. ಆಗ ನನಗೆ ಹೆದರಿಕೆಯಾಯಿತು.

ಕುಮಟಾದ ಕಣ್ಣಿನ ಡಾಕ್ಟರು ನೋಡಿ, ಇದು ಕಣ್ಣಿನದಲ್ಲ, ನರದ್ದು, ತಡ ಮಾಡಬೇಡಿ ಎಂದು ಚೀಟಿ ಬರೆದುಕೊಟ್ಟರು. ಮೂರು ತಾಸು ಬಸ್ಸಿನಲ್ಲಿ ದಕ್ಷಿಣಕ್ಕೆ ಹೋಗಿ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಿದೆವು. ಅಲ್ಲಿನ ನರದ ಡಾಕ್ಟರು ವಯಸ್ಸಾದವರು, ಸಣಕಲು ದೇಹ. ಮಾತು ನಿಧಾನ, ಆದರೆ ನಮ್ಮಂಥವರಿಗೂ ತಿಳಿಯುವ ಹಾಗೆ. ಸ್ಕ್ಯಾನಿನ ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿನಿಂದ ಹನ್ನೆರಡು ಜೊತೆ ನರ ಹೊರಡುತ್ತವಂತೆ. ರೆಪ್ಪೆ ಎತ್ತುವ, ಕಣ್ಣು ತಿರುಗಿಸುವ ಮೂರನೆಯದು ಅಣ್ಣನಿಗೆ ಬುಡದಲ್ಲೇ ದಪ್ಪಗಾಗಿತ್ತು.

"ಬರೀ ಬಾವು ಇರಬಹುದು. ಟಿ.ಬಿ. ಇರಬಹುದು. ಇನ್ನೊಂದು ಇದೆ, ಲಿಂಫೋಮಾ ಅಂತ, ಬಿಳಿ ರಕ್ತಕಣದ ಕ್ಯಾನ್ಸರ್. ಅದು ಸಾಮಾನ್ಯವಾಗಿ ಕುತ್ತಿಗೆಯಲ್ಲಿ, ಕಂಕುಳಲ್ಲಿ ಗಡ್ಡೆಯಾಗಿ ಬರೋದು. ಹೀಗೆ ಒಂದೇ ಒಂದು ನರದಲ್ಲಿ ಬಂದು ಕೂರೋದು ಬಹಳ ಅಪರೂಪ. ನನ್ನ ಇಷ್ಟು ವರ್ಷದ ಕೆಲಸದಲ್ಲಿ ಎರಡು ಸಲ ಕಂಡಿದ್ದೇನೆ," ಎಂದರು. ಆ ನರವನ್ನು ಕತ್ತರಿಸಿ ನೋಡುವ ಹಾಗಿಲ್ಲ. ಅದಕ್ಕೆ ಬೆನ್ನುಹುರಿಯ ಹತ್ತಿರದಿಂದ ನೀರು ತೆಗೆದು ಅದರಲ್ಲಿ ಆ ಕಣ ಇದೆಯೋ ಎಂದು ಹುಡುಕಬೇಕು. ಹತ್ತು ದಿನ ಬಿಟ್ಟು ಬನ್ನಿ ಎಂದರು. ಆಮೇಲೆ ಬೆರಳೆತ್ತಿ ಇನ್ನೊಂದು ಮಾತು ಹೇಳಿದರು. ಅದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಸ್ಟಿರಾಯ್ಡ್ ಅಂತ ಒಂದು ಗುಳಿಗೆ ಇದೆ ನೋಡಮ್ಮಾ. ಅದನ್ನು ಕೊಟ್ಟರೆ ಎರಡು ದಿನದಲ್ಲಿ ರೆಪ್ಪೆ ಏಳಬಹುದು, ನೀವು ನನ್ನನ್ನು ದೇವರು ಅನ್ನಬಹುದು. ಆದರೆ ಲಿಂಫೋಮಾ ಆಗಿದ್ದರೆ ಅದು ಕರಗಿದ ಹಾಗೆ ಮಾಡಿ ಅಡಗಿ ಕೂರುತ್ತದೆ. ಸಾಯುವುದಿಲ್ಲ. ನಾನು ಎಷ್ಟು ಹುಡುಕಿದರೂ ಸಿಗುವುದಿಲ್ಲ. ರೋಗ ಗೊತ್ತಾಗುವವರೆಗೆ ಅದನ್ನು ಯಾರು ಕೊಟ್ಟರೂ ತಗೋಬೇಡಿ."

ಆತು ಎಂದು ತಲೆಯಾಡಿಸಿ ಬಂದೆವು.

ಮನೆಗೆ ಬರುವಷ್ಟರಲ್ಲಿ ಆಯಿ ಮದ್ದಿನ ಜಾಗ ಗೊತ್ತುಮಾಡಿ ಇಟ್ಟಿದ್ದಳು. ಮೀನು ಪೇಟೆಯಲ್ಲಿ ಯಾರೋ ಕಿವಿಯಲ್ಲಿ ಹೇಳಿದ್ದರಂತೆ. ಕತಗಾಲದಲ್ಲಿ ಬಸ್ಸಿಳಿದು ಒಳಗೆ ನಡೆದರೆ ಒಬ್ಬರಿದ್ದಾರೆ, ಬಾಯಿ ಸೊಟ್ಟಗಾದವರಿಗೆ, ಕೈಕಾಲು ಬಿದ್ದವರಿಗೆ ಬೇರಿನ ಪುಡಿ ಕೊಡುತ್ತಾರೆ, ಎದ್ದು ಓಡಾಡುತ್ತಾರೆ. ತರುವವರು ಮನೆಯ ಹೆಣ್ಣುಮಗಳೇ ಆಗಬೇಕು. ಬರುವ ದಾರಿಯಲ್ಲಿ ಯಾರ ಹತ್ತಿರವೂ ಮಾತಾಡಬಾರದು. ಅವರ ಮನೆಯಿಂದ ಹೊರಡುವಾಗ 'ಹೋಗಿ ಬತ್ತೆ' ಅನ್ನಬಾರದು.

"ಡಾಕ್ಟ್ರು ಬೇರೆ ಗುಳಿಗೆ ತಕಣೂದು ಬೇಡ ಅಂದಿದ್ರು ಆಯಿ," ಎಂದೆ.

"ಗುಳಿಗೆ ಯಾರು ಕೊಡ್ತ್ರೇ? ಇದು ಬೇರು. ಕಾಡಲ್ಲಿ ಬೆಳೆದದ್ದು. ಅವನ ಕಣ್ಣು ಹೋದ್ಮೇಲೆ ನಿನ್ನ ಡಾಕ್ಟ್ರು ಬಂದು ಟೆಂಪೋ ಓಡಿಸ್ತ್ರಾ?"

ಈಗ ಆಯಿಯ ಮೇಲೆ ಕಿರುಚುವುದು ಸುಲಭ. ಆದರೆ ಸುಳ್ಳು ಯಾಕೆ ಹೇಳಲಿ, ಆ ಮಾತು ನನಗೂ ಸರಿ ಎಂದೇ ಕಂಡಿತು. ಗುಳಿಗೆ ಬೇರೆ, ಬೇರು ಬೇರೆ. ಎಸ್ಸೆಸ್ಸೆಲ್ಸಿ ಓದಿದ ತಲೆ ನನ್ನದು, ಸುಡುಗಾಡು ತಲೆ! ಮಾರನೇ ದಿನವೇ ಬೂತಿಗೆ ಬಾಗಿಲು ಹಾಕಿ ಹೊರಟೆ. ಕುಮಟಾದಲ್ಲಿ ಶಿರಸಿ ಬಸ್ಸು ಹತ್ತಿ, ಕತಗಾಲದಲ್ಲಿ ಇಳಿದು, ಮಣ್ಣು ರಸ್ತೆಯಲ್ಲಿ ನಡೆದೆ. ಜಗಲಿಯ ತುಂಬ ಜನ. ಮದ್ದು ಕೊಡುವವರು ಬಿಳಿ ಪಂಚೆ, ಹಣೆಯಲ್ಲಿ ಗಂಧ, ಮೆತ್ತಗಿನ ಮಾತು. ಆಗ ನಾನೂ 'ಅವರು' ಎನ್ನುತ್ತಿದ್ದೆ. ಈಗ ಅವನು ಎನ್ನುತ್ತೇನೆ. ಅವನು ಕಾಗದದ ಪೊಟ್ಟಣದಲ್ಲಿ ಕಂದು ಪುಡಿ ಕಟ್ಟಿಕೊಟ್ಟು, ಬೆಳಿಗ್ಗೆ ಬರಿಹೊಟ್ಟೆಗೆ ಜೇನುತುಪ್ಪದಲ್ಲಿ ಕಲಸಿ ತಿನ್ನಿಸಿ, ಮೀನು ಬೇಡ, ಯಾರಿಗೂ ಹೇಳಬೇಡಿ, ಆಸ್ಪತ್ರೆಯವರಿಗಂತೂ ಬೇಡವೇ ಬೇಡ ಎಂದ. ನಾನು ಮಾತಿಲ್ಲದೆ ಎದ್ದು ಬಂದೆ. ವಾಪಸು ಬಸ್ಸಿನಲ್ಲಿ ಕಂಡಕ್ಟರು ಎಲ್ಲಿಗೆ ಎಂದು ಕೇಳಿದರೆ ಬಾಯಿ ಬಿಡದೆ ಚಿಲ್ಲರೆ ಚಾಚಿದೆ. ಮೂಗಿ ಎಂದುಕೊಂಡು ಪಾಪ, ಕೈಸನ್ನೆಯಲ್ಲಿ ಕೇಳಿದ.

ಮೂರನೇ ಬೆಳಿಗ್ಗೆ ಅಣ್ಣನ ರೆಪ್ಪೆ ಎದ್ದಿತು.

ಏನು ಹೇಳಲಿ! ಆಯಿ ಅತ್ತಳು, ದೇವರಿಗೆ ತೆಂಗಿನಕಾಯಿ ಒಡೆದಳು. ಅಣ್ಣ ಅಂಗಳದಲ್ಲಿ ನಿಂತು ಒಂದೊಂದೇ ಮರ ತೋರಿಸಿ, "ಇದು ಒಂದೇ. ಇದೂ ಒಂದೇ," ಎಂದು ಎಣಿಸಿದ. ನಾನೂ ಅವನ ಜೊತೆ ಎಣಿಸಿದೆ. ಎರಡು ದಿನದಲ್ಲಿ ರೆಪ್ಪೆ ಏಳಬಹುದು ಎಂದು ಡಾಕ್ಟರು ಹೇಳಿದ್ದು ಯಾವುದರ ಬಗ್ಗೆ ಎಂದು ನಾನು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ಸಂತೋಷದಲ್ಲಿ ಯಾರಿಗೆ ಯೋಚನೆ ಬರುತ್ತದೆ?

ಹತ್ತು ದಿನ ಕಳೆದು ಆಸ್ಪತ್ರೆಗೆ ಹೋದಾಗ ಡಾಕ್ಟರು ಅಣ್ಣನ ಕಣ್ಣು ನೋಡಿ ಖುಷಿಪಡಲಿಲ್ಲ. ಕುರ್ಚಿ ಎಳೆದುಕೊಂಡು ಅವನ ಎದುರೇ ಕೂತರು. "ಏನು ತಗೊಂಡಿರಿ?" ಎಂದರು. "ಗುಳಿಗೆ, ಇಂಜೆಕ್ಷನ್, ನಾಟಿ ಔಷಧ, ಏನಾದರೂ? ನಾನು ಬೈಯುವುದಿಲ್ಲ. ಹೇಳಿಬಿಡಿ."

ಅಣ್ಣ ನನ್ನ ಕಡೆ ತಿರುಗಿದ. ಹೇಳಲೇ ಎಂದು ಕೇಳುವ ಮುಖ. ಬಾಯಿ ಅರ್ಧ ತೆರೆದೂ ಇತ್ತು. ನಾನು ಸೆರಗಿನ ಮರೆಯಲ್ಲಿ ಅವನ ತೊಡೆ ಗಟ್ಟಿಯಾಗಿ ಚಿವುಟಿದೆ.

"ಎಂತ ಇಲ್ಲ ಡಾಕ್ಟ್ರೆ," ಎಂದೆ ನಾನು. "ತನ್ನಷ್ಟಕ್ಕೆ ಎದ್ದದ್ದು."

ಬೆನ್ನಿನ ನೀರು ತೆಗೆದರು. ಏನೂ ಸಿಗಲಿಲ್ಲ. ಪುಡಿ ಮುಗಿದು ವಾರದಲ್ಲಿ ರೆಪ್ಪೆ ಮತ್ತೆ ಬಿತ್ತು. ಮತ್ತೆ ಕತಗಾಲ, ಮತ್ತೆ ಮೂಗಿಯ ವೇಷ, ಮತ್ತೆ ರೆಪ್ಪೆ ಎದ್ದಿತು. ಮತ್ತೆ ನೀರು ತೆಗೆದರು, ಅದೂ ಸ್ವಚ್ಛ. ಹೊಸ ಸ್ಕ್ಯಾನಿನಲ್ಲಿ ನರ ಸಪೂರವಾಗಿತ್ತು. ಹೀಗೆ ಮೂರು ಸಲ ಬೆನ್ನಿಗೆ ಸೂಜಿ ಚುಚ್ಚಿಸಿಕೊಂಡ ನನ್ನ ಅಣ್ಣ. ಪ್ರತಿ ಸಲವೂ ಮಗ್ಗುಲಾಗಿ ಮಲಗಿ, ಮಂಡಿಯನ್ನು ಹೊಟ್ಟೆಗೆ ಎಳೆದುಕೊಂಡು, ಆಮೇಲೆ ಎರಡು ದಿನ ತಲೆ ಎತ್ತಲಾಗದೆ ಬಿದ್ದುಕೊಂಡ. ಸಿಗಬೇಕಾದದ್ದನ್ನು ನಾನೇ ಅಡಗಿಸಿ ಇಟ್ಟು ಅವನಿಗೆ ಸೂಜಿ ಚುಚ್ಚಿಸಿದೆ!

ಮೂರನೇ ಸಲ ಡಾಕ್ಟರು ಅವನ ಮುಖವನ್ನು ಬಹಳ ಹೊತ್ತು ನೋಡಿದರು. ಮುಖ ಗುಂಡಗಾಗಿತ್ತು, ಕೆನ್ನೆ ಉಬ್ಬಿತ್ತು. ಆಯಿ ಅದನ್ನು ನೋಡಿ ಮಗನಿಗೆ ಮೈ ಹತ್ತಿತು ಎಂದು ಸಂಭ್ರಮಪಡುತ್ತಿದ್ದಳು. ರಕ್ತದಲ್ಲಿ ಸಕ್ಕರೆಯೂ ಏರಿತ್ತು. "ಸ್ಟಿರಾಯ್ಡ್ ತಿಂದವರ ಮುಖ ಹೀಗಾಗುತ್ತದೆ," ಎಂದರು. ಈ ಸಲ ನನ್ನನ್ನೇ ನೋಡಿ ಕೇಳಿದರು. ನಾನು ಕಣ್ಣಿಗೆ ಕಣ್ಣು ಕೊಟ್ಟು ಇಲ್ಲ ಎಂದೆ. ಆ ಪುಡಿ ಬೇರು ಎಂಬ ಧೈರ್ಯ ನನಗೆ. ಸುಳ್ಳು ಹೇಳುತ್ತಿದ್ದೇನೆ ಎಂದೂ ಅನ್ನಿಸಲಿಲ್ಲ. ಊರಿನ ಮದ್ದನ್ನು ಕಾಪಾಡುತ್ತಿದ್ದೇನೆ ಎಂಬ ಜಂಬ ಬೇರೆ. ಆ ಜಂಬ ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಏಳನೇ ತಿಂಗಳಲ್ಲಿ ಪುಡಿಯ ಆಟ ಮುಗಿಯಿತು. ದಿನಕ್ಕೆ ಎರಡು ಹೊತ್ತು ತಿಂದರೂ ರೆಪ್ಪೆ ಏಳಲಿಲ್ಲ. ಬಲಗೆನ್ನೆ ಮರಗಟ್ಟಿತು. ಗಡ್ಡ ಕೆರೆಯುವಾಗ ಕೊಯ್ದು ರಕ್ತ ಇಳಿದರೂ ಅವನಿಗೆ ತಿಳಿಯುತ್ತಿರಲಿಲ್ಲ. ಆಮೇಲೆ ಎಡಗಣ್ಣಿನ ರೆಪ್ಪೆಯೂ ಇಳಿಯತೊಡಗಿತು. ಅವನು ತಲೆಯನ್ನು ಹಿಂದಕ್ಕೆ ಚೆಲ್ಲಿ, ಉಳಿದ ಸಂದಿಯಲ್ಲಿ ನೆಲ ನೋಡಿ ನಡೆಯುತ್ತಿದ್ದ. ಆಯಿ, "ಮದ್ದು ಕಡ್ಮೆ ಆತು, ಜಾಸ್ತಿ ತಕಂಡು ಬಾ," ಎಂದಳು. ತಂದುಕೊಟ್ಟೆ.

ಆ ಸಲದ ಪೊಟ್ಟಣ ಬಿಚ್ಚಿ ಅಂಗೈಗೆ ಸುರಿದುಕೊಂಡಾಗ ಬೆರಳಿಗೆ ಏನೋ ಗಟ್ಟಿ ಸಿಕ್ಕಿತು. ಬೇರಿನ ಚೂರು ಎಂದುಕೊಂಡು ಬಾಗಿಲ ಬೆಳಕಿಗೆ ಹಿಡಿದೆ. ಬೆಳ್ಳಗಿತ್ತು. ಅರ್ಧ ಚಂದ್ರನಂಥ ಗುಳಿಗೆಯ ತುಂಡು, ಅರೆಯುವಾಗ ಉಳಿದುಹೋದದ್ದು. ನಡುವೆ ಮುರಿಯುವುದಕ್ಕೆ ಹಾಕುವ ಗೀರು ಸಹಿತ ನೀಟಾಗಿ ಕಾಣುತ್ತಿತ್ತು. ಕಾಡಿನಲ್ಲಿ ಯಾವ ಬೇರಿಗೆ ಗೀರು ಇರುತ್ತದೆ? ಡಾಕ್ಟರು ಬೆರಳೆತ್ತಿ ಹೇಳಿದ ಮಾತು ಒಂದಕ್ಷರ ಬಿಡದೆ ಆಗ ನೆನಪಾಯಿತು.

"ಅಣ್ಣನ್ನ ಹೊರಡಿಸು," ಎಂದೆ ಆಯಿಗೆ. "ಡಾಕ್ಟ್ರಿಗೆ ಎಲ್ಲ ಹೇಳ್ತೆ."

ಆಯಿ ಬಾಗಿಲಿಗೆ ಅಡ್ಡ ನಿಂತಳು. "ಹೇಳಿದ್ರೆ ಇಷ್ಟು ದಿನ ತಿಂದದ್ದೆಲ್ಲ ಹಾಳಾತು ಹೆಣ್ಣೇ! ನಿನ್ನ ಕಾಲಿಗೆ ಬೀಳ್ತೆ."

ಹೆತ್ತ ತಾಯಿಯನ್ನು ತೋಳು ಹಿಡಿದು ಬದಿಗೆ ಸರಿಸಿದೆ. ಅದಕ್ಕೆ ಪಶ್ಚಾತ್ತಾಪವಿಲ್ಲ. ಏಳು ತಿಂಗಳ ಹಿಂದೆ ಸರಿಸಲಿಲ್ಲವಲ್ಲ ಎಂಬುದಕ್ಕಿದೆ.

ಡಾಕ್ಟರ ಮೇಜಿನ ಮೇಲೆ ಪೊಟ್ಟಣ ಮತ್ತು ಆ ತುಂಡು ಇಟ್ಟು ಎಲ್ಲ ಹೇಳಿದೆ. ಅವರು ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಮೊದಲೇ ಸಿಕ್ಕಿದ್ದರೆ ಒಂದೇ ನರದಲ್ಲಿತ್ತಮ್ಮಾ," ಎಂದಷ್ಟೇ ಹೇಳಿದರು. ಪುಡಿಯಲ್ಲಿದ್ದ ಸ್ಟಿರಾಯ್ಡನ್ನು ತಕ್ಷಣ ನಿಲ್ಲಿಸಿದರೂ ಅಪಾಯವಂತೆ. ಅಣ್ಣನನ್ನು ಸೇರಿಸಿಕೊಂಡು ಲೆಕ್ಕ ಹಿಡಿದು ಇಳಿಸುತ್ತ ಬಂದರು. ನಾಲ್ಕನೇ ಸಲ ತೆಗೆದ ನೀರಿನಲ್ಲಿ ಆ ಕಣಗಳು ರಾಶಿ ರಾಶಿ ಇದ್ದವು. ಲಿಂಫೋಮಾ. ಹೆಸರು ಸಿಕ್ಕಿತು.

ಆಮೇಲೆ ಕ್ಯಾನ್ಸರ್ ವಾರ್ಡು. ಹಳದಿ ಬಣ್ಣದ ಔಷಧವನ್ನು ತಾಸುಗಟ್ಟಲೆ ಕೈಯ ರಕ್ತನಾಳಕ್ಕೆ ಹನಿಸುತ್ತಿದ್ದರು. ಅದು ಕಿಡ್ನಿಯಲ್ಲಿ ಉಳಿಯಬಾರದೆಂದು ಹಗಲಿಡೀ ಸಲೈನು. ಮೂತ್ರವನ್ನು ಪ್ಲಾಸ್ಟಿಕ್ ಜಗ್ಗಿನಲ್ಲಿ ಅಳೆದು ಬರೆಯುವುದು ನನ್ನ ಕೆಲಸ. ಮಾರನೇ ದಿನದಿಂದ ಆ ಔಷಧದ ವಿಷ ಇಳಿಸಲು ಇನ್ನೊಂದು ಔಷಧ, ಆರು ತಾಸಿಗೊಮ್ಮೆ, ಒಂದು ಸಲವೂ ತಪ್ಪುವ ಹಾಗಿಲ್ಲ. ಬೆನ್ನಿನ ಸೂಜಿಯಿಂದಲೂ ಔಷಧ. ಅಣ್ಣನ ಬಾಯೊಳಗೆಲ್ಲ ಹುಣ್ಣೆದ್ದು ಗಂಜಿಯೂ ಉರಿಯುತ್ತಿತ್ತು. ಆದರೂ ಎರಡನೇ ಸಲದ ಔಷಧ ಮುಗಿದ ವಾರ ಎಡಗಣ್ಣು ತೆರೆಯಿತು. ಮಂಚದ ಬದಿ ಕೂತ ನನ್ನನ್ನು ನೋಡಿ, ಹುಣ್ಣಿನ ಬಾಯಲ್ಲೇ, "ಈಗ ನೀ ಒಬ್ಳೇ ಕಾಣ್ತೆ," ಎಂದ. "ಪಾಪ, ಬಡಕಲಾಗಿದ್ದೆ."

ಅವತ್ತೇ ಕೇಳಿಬಿಟ್ಟೆ. "ನಾ ಚಿವುಟಿದ್ದು ನೆನಪಿದ್ದಾ ಅಣ್ಣಾ?"

"ಹ್ಞೂಂ. ನೀಲಿಗಟ್ಟಿತ್ತು."

"ಮತ್ತೆ ಯಾಕೆ ನೀ ಹೇಳ್ಲಿಲ್ಲ?"

"ನೀ ಓದಿದವಳು. ನಿಂಗೆ ಗೊತ್ತಿರ್ತದೆ ಅಂದ್ಕಂಡೆ," ಎಂದ. ಸಿಟ್ಟಿರಲಿಲ್ಲ ಅವನಿಗೆ. ಒಂದು ಬೈಗುಳವಾದರೂ ಬೈಯಬಾರದಿತ್ತೇ? ಸಿಟ್ಟನ್ನೆಲ್ಲ ನನಗೇ ಬಿಟ್ಟುಹೋದ.

ಮೂರನೇ ಸಲದ ಔಷಧ ಕೊಟ್ಟು ಒಂಬತ್ತು ದಿನಕ್ಕೆ ಜ್ವರ ಬಂತು. ರಕ್ತದ ಬಿಳಿ ಕಣ ಪೂರ್ತಿ ಇಳಿದಿತ್ತು. ಏಳು ತಿಂಗಳ ಪುಡಿ ಮೊದಲೇ ದೇಹದ ಕಸುವು ತಿಂದಿದೆ, ತಡೆದುಕೊಳ್ಳುವ ಶಕ್ತಿ ಇಲ್ಲ ಎಂದರು. ಮೂರು ದಿನ ಏನೇನೋ ಹಾಕಿದರು. ನಾಲ್ಕನೇ ದಿನ ಬೆಳಿಗ್ಗೆ ಹತ್ತು ಗಂಟೆಗೆ, ಡಾಕ್ಟರು ವಾರ್ಡಿಗೆ ಬರುವ ಹೊತ್ತಿನಲ್ಲಿ, ಅಣ್ಣ ಹೋದ.

ಹದಿಮೂರನೇ ದಿನದ ಕಾರ್ಯ ಮುಗಿದ ಮಾರನೇ ದಿನ ನಾನು ಕತಗಾಲಕ್ಕೆ ಹೋದೆ. ಜಗಲಿಯ ಮೇಲೆ ಅದೇ ಜನ, ಅದೇ ಗಂಧದ ಹಣೆ. ಅವನು ನನ್ನ ಗುರುತು ಹಿಡಿದು ಬೆಲ್ಲ ನೀರು ತರಲು ಒಳಗೆ ಹೇಳಿದ. ನಾನು ಅಂಗಳದಲ್ಲೇ ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. "ಗುಳಿಗೆ ಅರೆದು ಬೇರು ಅಂತ ಕೊಡ್ತೆ ನೀನು! ನನ್ನ ಅಣ್ಣ ಸತ್ತ. ತಿನ್ನಬೇಡಿ ಇದನ್ನ, ಎದ್ದು ಹೋಗಿ ಎಲ್ಲ!"

ಒಬ್ಬರೂ ಏಳಲಿಲ್ಲ. ಅವನು ನಿಧಾನವಾಗಿ, ಬೇಸರಪಟ್ಟುಕೊಂಡವನ ಹಾಗೆ ಕೇಳಿದ, "ಆಸ್ಪತ್ರೆಯಲ್ಲಿ ಹೇಳಿದ್ರಾ?"

"ಹೇಳ್ದೆ!"

"ಮತ್ತೆ?" ಎಂದು ಜನರ ಕಡೆ ನೋಡಿದ, ಅಷ್ಟೇ.

ಸಾಲಿನಲ್ಲಿ ಕೂತ ಒಬ್ಬ ಹೆಂಗಸು, ಮಡಿಲಲ್ಲಿ ಬಾಯಿ ಸೊಟ್ಟಗಾದ ಮಗಳು, ನನ್ನ ಸೆರಗು ಹಿಡಿದು ಬೇಡಿಕೊಂಡಳು. "ಸುಮ್ಮಂಗಿರಿ ಅಕ್ಕಾ, ದಮ್ಮಯ್ಯ. ಕೂಗ್ಬೇಡಿ. ನಮ್ಮ ಮದ್ದೂ ತಾಗೂದಿಲ್ಲ ಆಮೇಲೆ." ಆ ಮಗುವಿನ ಮುಖ ನೋಡುತ್ತ ನಿಂತೆ, ಆಮೇಲೆ ಬಸ್ಸು ಹಿಡಿದು ಬಂದೆ.

ವರ್ಷಗಳು ಹೋದವು. ಎಲ್ಲರ ಕೈಗೂ ಮೊಬೈಲು ಬಂದು ನನ್ನ ಬೂತ್ ಮುಚ್ಚಿತು. ಅದೇ ಜಾಗದಲ್ಲಿ ಜೆರಾಕ್ಸ್ ಅಂಗಡಿ ಹಾಕಿದೆ. ಆಯಿ ಮತ್ತು ನಾನು ಒಂದೇ ಸೂರಿನಡಿ ಇದ್ದೇವೆ, ಅನ್ನ ಬಡಿಸಿಕೊಳ್ಳುತ್ತೇವೆ, ಬೈದುಕೊಳ್ಳುತ್ತೇವೆ. ಅಣ್ಣನ ಮಾತು ಬಂದರೆ ಮಾತ್ರ ಇಬ್ಬರೂ ಎದ್ದು ಬೇರೆ ಬೇರೆ ಕಡೆ ಹೋಗುತ್ತೇವೆ.

ಒಂದು ಭಾನುವಾರ ಭಟ್ಕಳದಿಂದ ಚಿಕ್ಕಮ್ಮ ಬಂದಳು. ಅಳಿಯನ ಕಣ್ಣಿನ ರೆಪ್ಪೆ ಒಂದು ವಾರದಿಂದ ಬಿದ್ದಿದೆಯಂತೆ. ನಾನು ಒಳಗೆ ಚಹಾ ಸೋಸುತ್ತಿದ್ದೆ. ಜಗಲಿಯಲ್ಲಿ ಆಯಿ ದನಿ ಇಳಿಸಿ ಹೇಳುವುದು ಕೇಳಿತು. "ಕತಗಾಲದ ಮದ್ದು ಒಳ್ಳೇದೇ. ನಮ್ಮಂವ ಮೂರು ದಿನದಲ್ಲಿ ಕಣ್ಣು ಬಿಟ್ಟಿದ್ದ. ಇವಳು ಆಸ್ಪತ್ರೆಗೆ ಹೋಗಿ ಬಾಯಿ ಬಿಟ್ಟಳು. ಹಾಂಗಾಗಿ ಹೋದ. ಇಲ್ಲಾಂದ್ರೆ ಇಂದಿಗೂ ಟೆಂಪೋ ಓಡಿಸ್ತಿದ್ದ."

ಚಹಾದ ಪಾತ್ರೆ ಹಾಗೇ ಬಿಟ್ಟು ಹೊರಗೆ ಬಂದೆ. "ಚಿಕ್ಕಮ್ಮಾ, ಕತಗಾಲಕ್ಕೆ ಕಾಲಿಡ್ಬೇಡಿ. ನಾಳೆ ಬೆಳಿಗ್ಗೆ ಅವರನ್ನ ಕರಕಂಡು ಬನ್ನಿ, ದೊಡ್ಡ ಆಸ್ಪತ್ರೆಗೆ ನಾನೇ ಬತ್ತೆ," ಎಂದೆ. ಆಮೇಲೆ ಆಯಿಯ ಕಡೆ ತಿರುಗಿದೆ. ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದು ತಾನಾಗಿಯೇ ಹೊರಗೆ ಬಂತು. "ಹೌದು ಆಯಿ. ನಾನೇ ಕೊಂದದ್ದು. ಬಾಯಿ ಬಿಟ್ಟದ್ದಕ್ಕಲ್ಲ. ಕೇಳಿದಾಗೆಲ್ಲ ಬಾಯಿ ಮುಚ್ಚಿ ಕೂತದ್ದಕ್ಕೆ. ಅಂವ ಹೇಳೂಕೆ ಹೋದಾಗ ಚಿವುಟಿ ಸುಮ್ಮನಾಗಿಸಿದ್ದು ನಾನು."

ಆಯಿ ನನ್ನನ್ನು ನೋಡಿದಳು. ಕಣ್ಣು ತುಂಬಿತ್ತು. ಕೊನೆಗೂ ಅವಳಿಗೆ ತಿಳಿಯಿತು ಎಂದುಕೊಂಡೆ. ಅವಳು ಚಿಕ್ಕಮ್ಮನ ಕೈ ಹಿಡಿದುಕೊಂಡಳು.

"ಕೇಳ್ದ್ಯಾ?" ಎಂದಳು. "ಇಂದು ಅವಳೇ ಒಪ್ಕಂಡ್ಳು."

ಚಿಕ್ಕಮ್ಮ ನನ್ನ ಮುಖ ನೋಡಲಿಲ್ಲ. ಸೆರಗಿನಿಂದ ಕಣ್ಣು ಒರೆಸಿಕೊಂಡು, ಕುಮಟಾದಿಂದ ಕತಗಾಲಕ್ಕೆ ಬೆಳಿಗ್ಗೆ ಬಸ್ಸು ಎಷ್ಟೊತ್ತಿಗೆ ಎಂದು ಆಯಿಯನ್ನು ಕೇಳಿದಳು.